ನಲವತ್ತು ದಿನದ ನೀರು

ಕೂತಲ್ಲಿ ಕೂರುವ ಜಾಯಮಾನ ಅಲ್ತಾಫನದಲ್ಲ. ಜೇವರ್ಗಿಯಲ್ಲಿ ವಿಜಯಪುರ ರಸ್ತೆಯ ಬದಿಗೆ ಅವನದೊಂದು ಫಿಲ್ಟರ್ ನೀರಿನ ಘಟಕವಿದೆ. ಒಂದು ಕ್ಯಾನು ತುಂಬುವಷ್ಟರಲ್ಲಿ ಅವನು ಮುಚ್ಚಳ ಒರೆಸಿ, ಗಾಡಿಯ ಗಾಲಿ ಒತ್ತಿ ನೋಡಿ, ಹಾದಿಯಲ್ಲಿ ಹೋಗುವ ಇಬ್ಬರನ್ನು ಮಾತಾಡಿಸಿ ಬಂದಿರುತ್ತಾನೆ. ಇಂಥವನಿಗೆ ಹತ್ತಿದ ಹುಚ್ಚು ಮಾತ್ರ ತಾಳ್ಮೆ ಇದ್ದವರದು. ಸಮುದ್ರದ ಮೀನು ಸಾಕುವುದು.

ಹೋದ ವರ್ಷ ಎಂಬತ್ತು ಲೀಟರಿನ ಗಾಜಿನ ತೊಟ್ಟಿಗೆ ಉಪ್ಪುನೀರು ತುಂಬಿ, ಹತ್ತೇ ದಿನಕ್ಕೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು ಬಿಟ್ಟಿದ್ದ. ಮೂರನೆಯ ದಿನ ಎರಡೂ ಸತ್ತವು. ತಾಯಿ ಪ್ಯಾರಿಬಿ ಅವನ್ನು ಕರಿಬೇವಿನ ಬುಡದಲ್ಲಿ ಹೂತು ಬಂದು, "ಇನ್ನೊಂದ್ಸಲ ಹಿಂಗಾತಂದ್ರ ಈ ಗಾಜಿನ ಡಬ್ಬಿ ಹೊರಗ. ಮನ್ಯಾಗ ಜೀವ ತಂದು ಕೊಲ್ಲಬ್ಯಾಡ" ಎಂದಳು. ಕೊನೆಗೆ ಅವು ನೀರಿನ ಮೇಲ್ಗಡೆ ಬಂದು ಬಾಯಿ ಬಿಟ್ಟದ್ದು ಅಲ್ತಾಫನ ಕಣ್ಣಿನಿಂದ ಹೋಗಿರಲಿಲ್ಲ.

ಈ ಸಲ ಲೈವ್ ರಾಕ್ ತಂದ. ಕಲಬುರಗಿಯಲ್ಲಿ ಮೀನಿನ ಅಂಗಡಿ ಇಟ್ಟಿರುವ ಅಜಯಕುಮಾರ ತನ್ನ ತೊಟ್ಟಿಯಲ್ಲೇ ವರ್ಷಗಟ್ಟಲೆ ಇಟ್ಟು ಪಳಗಿಸಿದ, ತೂತು ತೂತಾದ ಆರು ಕಿಲೋ ಕಲ್ಲು. ಒದ್ದೆ ಪೇಪರಿನಲ್ಲಿ ಸುತ್ತಿದ್ದ ಅದನ್ನು ಅಲ್ತಾಫ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಬಂದ.

"ಕಲ್ಲಿಗೂ ಜೀವ ಇರ್ತದಂತ," ಎಂದು ಪ್ಯಾರಿಬಿ ನಕ್ಕಳು. "ನನ್ನ ಮಗನ ತಲಿಗಿ ಅದು ಯಾವಾಗ ಬರ್ತದೋ."

ಜೀವ ಇರುವುದು ಕಲ್ಲಿನ ತೂತುಗಳಲ್ಲಿ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳ ರೂಪದಲ್ಲಿ. ಮೀನಿನ ಹೊಲಸಿನಿಂದ, ಕಲ್ಲಿನಲ್ಲಿ ಸತ್ತು ಕೊಳೆಯುವ ಸಣ್ಣ ಜೀವಿಗಳಿಂದ ಹುಟ್ಟುವ ಅಮೋನಿಯ ವಿಷ. ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಅದೂ ಒಳ್ಳೆಯದಲ್ಲ. ಕೊನೆಗೆ ನೈಟ್ರೇಟ್ ಮಾಡುತ್ತವೆ, ಅದನ್ನು ಮೀನು ತಡೆದುಕೊಳ್ಳುತ್ತದೆ. ಹೊಸ ತೊಟ್ಟಿಯಲ್ಲಿ ಈ ಕೆಲಸ ಒಂದು ಹದಕ್ಕೆ ಬರಲು ವಾರಗಟ್ಟಲೆ ಬೇಕು. ಕೊನೆಯದು ಕಂಡರೆ ಮೊದಲಿನವು ಮುಗಿದಂತೆಯೇ ಎಂಬುದು ಅಲ್ತಾಫನ ಲೆಕ್ಕ. ಹಾಗಾಗಿ ಅವನ ಬಳಿ ನೈಟ್ರೇಟ್ ಪರೀಕ್ಷೆಯ ಬಾಟಲಿ ಮಾತ್ರ ಇತ್ತು. ನೈಟ್ರೇಟ್ ಇಲ್ಲದಿದ್ದರೆ ಹಳದಿ, ಇದ್ದರೆ ಕೇಸರಿ.

ತೊಟ್ಟಿ ಇದ್ದದ್ದು ಮನೆಯ ಒಳಕೋಣೆಯಲ್ಲಿ. ಅದೇ ಕೋಣೆಯಲ್ಲಿ ಕಲ್ಲು ಬಂದ ದಿನಕ್ಕೆ ಹನ್ನೆರಡು ದಿನ ತುಂಬಿದ್ದ ಕೂಸಿನೊಂದಿಗೆ ತಂಗಿ ನಸ್ರೀನ ಇದ್ದಳು. ಹೆತ್ತವಳು ನಲವತ್ತು ದಿನ, ಅಂದರೆ ಚಿಲ್ಲಾ ಮುಗಿಯುವವರೆಗೆ, ಹೊಸ್ತಿಲು ದಾಟುವಂತಿಲ್ಲ. ಹೊತ್ತು ಹೋಗದ ಅವಳು ತೊಟ್ಟಿಯನ್ನೇ ನೋಡುತ್ತ ಮಲಗಿರುತ್ತಿದ್ದಳು. ಕಲ್ಲಿನ ತೂತಿನಿಂದ ಗರಿಯಂಥ ಬಾಯಿ ಅರಳಿಸುವ ಹುಳು ಮೊದಲು ಕಂಡದ್ದು ಅವಳಿಗೇ.

ಕಲ್ಲು ತಂದ ಹನ್ನೊಂದನೆಯ ದಿನ ಪರೀಕ್ಷೆಯ ನಳಿಕೆ ಕೇಸರಿಯಾಯಿತು. ಅಲ್ತಾಫ ಅದನ್ನು ಕಿಟಕಿಯ ಬೆಳಕಿಗೆ ಮೂರು ಸಲ ಹಿಡಿದು ನೋಡಿ ಅಜಯಕುಮಾರನಿಗೆ ಫೋನು ಮಾಡಿದ. "ಜೋಡಿ ಮೀನ ಇವತ್ತೇ ನಾಕರ ಬಸ್ಸಿಗಿ ಹಾಕ್ರಿ."

"ಹನ್ನೊಂದೇ ದಿನಕ್ಕ ಏನು ಭಾಯಿ?" ಎಂದಳು ನಸ್ರೀನ. "ನನ್ನ ಕೂಸಿಗಿ ಇನ್ನೂ ಅಂಗಳ ತೋರಿಸಿಲ್ಲ."

"ನಿನ್ನ ಕೂಸು ಬ್ಯಾರೆ, ಇದು ಬ್ಯಾರೆ. ಬಣ್ಣ ಬಂದದ ಬೇ."

ಬಸ್ಸಿಗೆ ಇನ್ನೂ ಎರಡು ತಾಸಿತ್ತು. ಅವನು ಒಳಗೆ ಹೊರಗೆ ಎಂಟು ಸಲ ತಿರುಗಿದ. ಪ್ಯಾರಿಬಿ ಕ್ಯಾನಿನಿಂದ ನೀರು ಬಗ್ಗಿಸಿ ಕುಡಿದು, "ಕುಂದ್ರಲೇ, ನೆಲ ಸವೀತದ" ಎಂದಳು. "ಒಂದು ಮಾತು ಹೇಳ್ತೇನಿ. ಮೊದ್ಲ ನಿನ್ನ ನೀರು ಸಪ್ಪಗ ಇರ್ತಿದ್ದವು. ಈಗೆರಡು ವರ್ಷಾತು, ನಮ್ಮ ಬೋರಿನ ನೀರಿನಂಗ ಬಾಯಿಗಿ ಹತ್ತತಾವ."

ಅಲ್ತಾಫ ನಿಂತುಬಿಟ್ಟ.

ಬಾಯಿಗೆ ಹತ್ತುವುದು ಯಾಕೆಂದು ಅವನಿಗೆ ಗೊತ್ತು. ಶುದ್ಧ ಮಾಡಿದ ನೀರಿಗೆ ರುಚಿಯೇ ಇಲ್ಲವೆಂದು ಗಿರಾಕಿಗಳು ಗೊಣಗುತ್ತಾರೆ. ಅದಕ್ಕೆ ಅವನು ಘಟಕದಲ್ಲಿ ಒಂದು ಕಾಕ್ ಅರ್ಧ ತಿರುವಿ, ಬೋರಿನ ಹಸಿ ನೀರನ್ನು ಸ್ವಲ್ಪ ಸೇರಿಸುತ್ತಾನೆ. ತೊಟ್ಟಿಗೆ ತಂದದ್ದೂ ಅದೇ ನೀರು, ಹೋದ ವರ್ಷವೂ. ಸುತ್ತಲಿನ ಹೊಲಗಳಿಗೆಲ್ಲ ಗೊಬ್ಬರ ಬೀಳುತ್ತದೆ. ಬೋರಿನ ನೀರಿನಲ್ಲೇ ನೈಟ್ರೇಟ್ ಇದ್ದರೆ?

ಅಡುಗೆಮನೆಯ ಕ್ಯಾನಿನಿಂದ ಐದು ಮಿಲಿಲೀಟರ್ ನಳಿಕೆಗೆ ಹಾಕಿ, ಹನಿ ಎಣಿಸಿ, ಅಲುಗಿಸಿ ಹಿಡಿದ. ಐದು ನಿಮಿಷ. ಅಷ್ಟು ಹೊತ್ತು ಅವನು ಕೂತಲ್ಲೇ ಕೂತದ್ದನ್ನು ಪ್ಯಾರಿಬಿ ಕಣ್ಣರಳಿಸಿ ನೋಡಿದಳು.

ಮೀನೂ ಇಲ್ಲ, ಕಲ್ಲೂ ಇಲ್ಲ, ಬರೀ ಕುಡಿಯುವ ನೀರು. ನಳಿಕೆ ಕೇಸರಿಯಾಯಿತು.

ಫೋನು ಹಚ್ಚಿದಾಗ ಅಜಯಕುಮಾರ ರೇಗಿದ. "ಆಕ್ಸಿಜನ್ ತುಂಬಿ ಚೀಲ ಕಟ್ಟೀನ್ರಿ. ಈ ಜೋಡಿ ಬ್ಯಾರೆದವ್ರು ಒಯ್ತಾರ ಮತ್ತ."

"ಒಯ್ಲಿ ಬಿಡ್ರಿ. ಚೀಲ ಬಿಚ್ರಿ. ನಾಳಿ ಬಸ್ಸಿಗಿ ಅಮೋನಿಯ, ನೈಟ್ರೈಟ್ ನೋಡೋ ಬಾಟ್ಲಿ ಕಳಸ್ರಿ."

ಆ ಸಂಜೆ ಕಾಕ್ ಪೂರ್ತಿ ಮುಚ್ಚಿ ನೀರು ಹಿಡಿದು ಉಪ್ಪು ಬೆರೆಸಿದ. ಮರುದಿನ ತೊಟ್ಟಿಯ ಹಳೇ ನೀರಿನ ಬಕೆಟ್ಟಿನಲ್ಲಿ ಕಲ್ಲುಗಳನ್ನು ಮುಳುಗಿಸಿಟ್ಟು, ತೊಟ್ಟಿಗೆ ಹೊಸ ನೀರು ತುಂಬಿ, ಅವನ್ನು ಒಂದೊಂದಾಗಿ ಮತ್ತೆ ಜೋಡಿಸಿದ. ಹೊಸ ಬಾಟಲಿಗಳು ಬಂದವು. ಬಕೆಟ್ಟಿನ ಹಳೇ ನೀರು ಪರೀಕ್ಷಿಸಿದರೆ ಅಮೋನಿಯ ಗಾಢ ಹಸಿರು, ಅಂದರೆ ವಿಷ ತುಂಬಿದೆ. ನಿನ್ನೆ ಮೀನು ಬಿಟ್ಟಿದ್ದರೆ ಈ ವರ್ಷವೂ ಮೂರೇ ದಿನ.

ಅಲ್ಲಿಂದ ಮುಂದೆ ಕಾಯುವುದೇ ಕೆಲಸ. ಅವನು ದಿನಕ್ಕೆ ಒಂದೇ ಸಲ ಪರೀಕ್ಷೆ ಮಾಡುವುದೆಂದು ಆಣೆ ಹಾಕಿ ಮೂರು ಸಲ ಮಾಡುತ್ತಿದ್ದ. ಹೊಸ ನೀರಿನಲ್ಲೂ ಎರಡು ದಿನಕ್ಕೆ ಹಸಿರು ಏರಿ, ಆಮೇಲೆ ತಿಳಿಯಾಗುತ್ತ ಬಂತು. ನಸ್ರೀನ ಚಿಲ್ಲಾ ಸ್ನಾನ ಮಾಡಿ ಕೂಸನ್ನೆತ್ತಿಕೊಂಡು ಹೊಸ್ತಿಲು ದಾಟಿದ ದಿನ ಅಮೋನಿಯ ಹಳದಿ, ಅಂದರೆ ಸೊನ್ನೆ. ನೈಟ್ರೈಟ್ ಮಾತ್ರ ಇನ್ನೂ ನೇರಳೆ.

"ನಾ ಹೊಂಟೆ. ನಿನ್ನ ಕಲ್ಲಿಂದು ಇನ್ನೂ ಮುಗೀಲಿಲ್ಲೇನು?" ಎಂದಳು ಅವಳು.

"ಅದರ ಚಿಲ್ಲಾ ಇನ್ನೂ ಹನ್ನೊಂದು ದಿನ ಅದ ಬೇ," ಎಂದ. ಆ ಮಾತಿಗೆ ಇಬ್ಬರೂ ನಕ್ಕರು.

ಅದಾದ ಹನ್ನೆರಡನೆಯ ದಿನ, ನೈಟ್ರೈಟ್ ತಿಳಿನೀಲಿ, ಅಂದರೆ ಸೊನ್ನೆ, ಆಗಿ ನಾಲ್ಕು ದಿನ ಕಳೆದ ಮೇಲೆ, ಕಲಬುರಗಿಗೆ ತಾನೇ ಹೋಗಿ ಬೇರೊಂದು ಜೋಡಿ ತಂದ. ಮೊದಲನೆಯ ದಿನ ಅವು ಕಲ್ಲಿನ ಹಿಂದೆ ಅಡಗಿದವು. ಎರಡನೆಯ ದಿನ ಏನೂ ತಿನ್ನಲಿಲ್ಲ. ಮೂರನೆಯ ದಿನ ಬೆಳಗಿನಿಂದ ಅಲ್ತಾಫ ಘಟಕಕ್ಕೂ ಮನೆಗೂ ನಾಲ್ಕು ಸಲ ಓಡಾಡಿದ. ಐದನೆಯ ಸಲ ಬಂದಾಗ ಪ್ಯಾರಿಬಿ ಬೆರಳ ತುದಿಯಲ್ಲಿ ಮೀನಿನ ಮೇವು ಹಿಡಿದು ತೊಟ್ಟಿಯ ಮುಂದೆ ಕೂತಿದ್ದಳು.

"ಒಂದು ಚಿಟಿಕಿ ಹಾಕೀನಿ, ಹೆಚ್ಚಿಲ್ಲ," ಎಂದಳು, ತಿರುಗಿ ನೋಡದೆ. "ಎರಡೂ ತಿಂದಾವ. ಇನ್ನ ನೀ ಬಂದು ರೊಟ್ಟಿ ತಿನ್ನು."