ಬರಗಾಲದ ಎಲೆಗೆ ಭಂಡಾರ

ಚಿತ್ರದುರ್ಗದ ಕಾಲೇಜು ರಸ್ತೆಯಲ್ಲಿ ಮಮತಾಳ ಜೆರಾಕ್ಸ್ ಅಂಗಡಿ ಇದೆ. ಭಾನುವಾರ ಮಧ್ಯಾಹ್ನ ಹೋದರೆ ಅಲ್ಲಿ ಜೆರಾಕ್ಸ್ ಸಿಗುವುದಿಲ್ಲ. ಅರ್ಧ ಎಳೆದ ಷಟರಿನ ಹಿಂದೆ ಹತ್ತು ಹನ್ನೆರಡು ಜನ ಎಲೆ ಹಿಡಿದು ಕೂತಿರುತ್ತಾರೆ. ಎದುರಿನ ಬೇಕರಿಯವನು ಅದನ್ನು ಇಸ್ಪೀಟ್ ಅಡ್ಡೆ ಅಂತ ಬೀದಿಯಲ್ಲೆಲ್ಲ ಸಾರಿಕೊಂಡು ಬಂದಿದ್ದ. ಪಾಪ, ಅವನಿಗೇನು ಗೊತ್ತು. ಅವರು ಆಡುವುದು 'ಪಾಳೆಯ' ಎಂಬ ಆಟ. ಪೊಟ್ಟಣದಲ್ಲಿ ಬರುವ ಚಿತ್ರದ ಎಲೆಗಳನ್ನು ಕೂಡಿಹಾಕಿ, ಒಬ್ಬರಿಗೊಬ್ಬರು ಅದಲು ಬದಲು ಮಾಡಿಕೊಂಡು, ಅದರಲ್ಲಿ ನಲವತ್ತನ್ನು ಆರಿಸಿ ತಮ್ಮದೇ ಒಂದು ಕಟ್ಟು ಮಾಡಿಕೊಳ್ಳಬೇಕು. ಆಮೇಲೆ ಎದುರಿನವರ ಕಟ್ಟಿನ ಮೇಲೆ ಯುದ್ಧ. ಗೆಲುವು ಸೋಲು ಮುಕ್ಕಾಲು ಪಾಲು ಆ ನಲವತ್ತನ್ನು ಆರಿಸುವಾಗಲೇ ತೀರ್ಮಾನವಾಗಿರುತ್ತದೆ.

ಆರಿಸುವುದರಲ್ಲಿ ಮಮತಾಳನ್ನು ಮೀರಿಸಿದವರು ಜಿಲ್ಲೆಯಲ್ಲಿ ಇರಲಿಲ್ಲ. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯ ಕುರಿ ಸಾಕುವ ಮನೆಯವಳು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಎರಡು ಸಲ ಕೂತು ಎರಡು ಸಲವೂ ಕೈ ಚೆಲ್ಲಿದವಳು. ಮದುವೆಯಾದ ಮನೆಯಲ್ಲಿ ಆರು ವರ್ಷ 'ದಡ್ಡಿ' ಅನ್ನಿಸಿಕೊಂಡು, ಸಾಕಾಗಿ, ತಾಯಿ ನಿಂಗಕ್ಕನನ್ನು ಕರೆದುಕೊಂಡು ದುರ್ಗಕ್ಕೆ ಬಂದು ಅಂಗಡಿ ಹಾಕಿದಳು. ಮಾರಲೆಂದು ತಂದ ಪೊಟ್ಟಣಗಳಲ್ಲಿ ಒಂದನ್ನು ಬೇಸರಕ್ಕೆ ಒಡೆದು ನೋಡಿದಳು, ಅಷ್ಟೇ. ಎರಡು ವರ್ಷ ಕಳೆಯುವಷ್ಟರಲ್ಲಿ ಹೊಸದುರ್ಗ, ಹೊಳಲ್ಕೆರೆಯಿಂದ ಬಸ್ಸು ಹತ್ತಿ ಜನ ಅವಳ ಹತ್ತಿರ ಕಟ್ಟು ತೋರಿಸಿಕೊಂಡು ಹೋಗಲು ಬರತೊಡಗಿದರು. ಮೂವತ್ತಾರನೇ ವಯಸ್ಸಿನಲ್ಲಿ ಅವಳಿಗೆ ತನಗೂ ತಲೆ ಇದೆ ಅಂತ ಗೊತ್ತಾಯಿತು. ಆ ಸಂತೋಷ ಎಂಥದ್ದು ಅಂತ ಶಾಲೆಯಲ್ಲಿ ಮೊದಲ ಬೆಂಚಿನಲ್ಲಿ ಕೂತವರಿಗೆ ಹೇಳಿದರೆ ಅರ್ಥವಾಗುವುದಿಲ್ಲ.

ಅವಳು ಹೆಸರಾಗಿದ್ದು ಎರಡು ಎಲೆಗಳ ಜೋಡಿಯಿಂದ. ಆಟದಲ್ಲಿ ದಂಡು ಸಾಕಲು ಕಾಳು ಬೇಕು, ಕಾಳಿನ ಎಲೆಗಳನ್ನು ಎದುರಿಗೆ ಹರಡಿಕೊಂಡಿರಬೇಕು. 'ಬರಗಾಲ' ಅಂತ ಒಂದು ಎಲೆ ಇದೆ. ಅದು ಬಂದರೆ ಹರಡಿದ ಕಾಳೆಲ್ಲ, ನಿನ್ನದು ನನ್ನದು ಅನ್ನದೆ, ನಾಶ. ಅದನ್ನು ಕೈಯಲ್ಲಿ ಬಚ್ಚಿಟ್ಟುಕೊಳ್ಳುವ ಹಾಗಿಲ್ಲ, ಎತ್ತಿದ ಕೂಡಲೇ ಇಳಿಸಬೇಕು. ಹಾಗಾಗಿ ಇಟ್ಟುಕೊಂಡವರ ಮನೆಯನ್ನೇ ಮೊದಲು ಹಾಳು ಮಾಡುವ ಎಲೆ ಅದು, ಯಾರೂ ಮುಟ್ಟುತ್ತಿರಲಿಲ್ಲ. ಮಮತಾ ಮುಟ್ಟಿದಳು. 'ಹಗೇವು', ಅಂದರೆ ಕಾಳು ಹೂತಿಡುವ ನೆಲಗುಣಿ, ಅಂತ ಇನ್ನೊಂದು ಎಲೆ: ಅದರ ಕೆಳಗೆ ನಮ್ಮ ಕಾಳನ್ನು ಹೂತಿಟ್ಟರೆ ಒಂದೇ ಒಂದು ಸರದಿ ಯಾರಿಗೂ ಸಿಗುವುದಿಲ್ಲ, ನಮಗೂ ಸೇರಿ. ಹಗೇವು ಮುಚ್ಚಿದ ಮರು ಸರದಿಗೇ ಬರಗಾಲ ಬಿದ್ದರೆ ಎದುರಿನವರು ಬರಿಗೈ, ಇವಳ ಕಣಜ ತುಂಬಿದ್ದೇ. ಬೀಳದಿದ್ದರೆ ಸರದಿ ದಂಡ. ಹದಿನೇಳು ಕಾಳು, ಸ್ವಲ್ಪದರಲ್ಲೇ ಹೊಟ್ಟೆ ತುಂಬುವ ಸಣ್ಣ ದಂಡು ಹದಿನಾರು, ಕಟ್ಟಿನ ಮೇಲಿನ ಮೂರು ಎಲೆ ಇಣುಕಿ ನೋಡುವ 'ಬೇಹಿನವ' ಮೂರು, ಹಗೇವು ಮೂರು, ಬರಗಾಲ ಒಂದು. ಹೀಗೆ ನಲವತ್ತು. ದೊಡ್ಡ ಆನೆ, ಫಿರಂಗಿಯ ಎಲೆಗಳನ್ನೆಲ್ಲ ಎತ್ತಿ ಡಬ್ಬಕ್ಕೆ ಹಾಕಿದಾಗ ಎಲ್ಲರೂ ನಕ್ಕಿದ್ದರು. ಮೊದಲ ವರ್ಷವೇ ಜಿಲ್ಲಾ ಪಂದ್ಯ ಗೆದ್ದ ಮೇಲೆ ನಗು ನಿಂತಿತು.

ಬೇಹಿನವ ಕೈಯಲ್ಲಿ ಇಲ್ಲದಿದ್ದಾಗಲೂ ಅವಳು ಸರಿಯಾದ ಹೊತ್ತಿಗೆ ಹಗೇವು ಮುಚ್ಚುತ್ತಿದ್ದಳು ಅನ್ನುವುದೇ ಸೋಜಿಗ. ಯೋಚನೆ ಮಾಡುವಾಗ ಹೆಬ್ಬೆರಳನ್ನು ಕಟ್ಟಿನ ಮೇಲಿಟ್ಟು ಸುಮ್ಮನೆ ಕೂರುವಳು, ಆಮೇಲೆ ಮುಚ್ಚುವಳು ಅಥವಾ ಬಿಡುವಳು. ಬರಗಾಲ ಬರುವುದು ಅಕ್ಕನಿಗೆ ವಾಸನೆ ಹೊಡೆಯುತ್ತದೆ ಅಂತ ಆಟಗಾರರು ಆಡಿಕೊಳ್ಳುತ್ತಿದ್ದರು. ಅವಳೂ ಒಳಗೊಳಗೇ ನಂಬಿದ್ದಳು, ಯಾಕೆ ಸುಳ್ಳು ಹೇಳಬೇಕು.

ಈ ವರ್ಷದ ಜಿಲ್ಲಾ ಪಂದ್ಯ ಆಯುಧಪೂಜೆ ಕಳೆದ ಮೇಲಿನ ಭಾನುವಾರ ನಡೆಯಿತು. ಕೊನೆಯ ಆಟಕ್ಕೆ ಎದುರು ಕೂತವನು ಹೊಳಲ್ಕೆರೆಯ ಬೀಜದ ಅಂಗಡಿಯಲ್ಲಿ ಕೆಲಸ ಮಾಡುವ ಮಲ್ಲೇಶ್. ಗೆದ್ದವರು ರಾಜ್ಯ ಮಟ್ಟಕ್ಕೆ. ಎರಡು ವರ್ಷದ ಹಿಂದೆ ಇದೇ ಮಲ್ಲೇಶನ ಒಂದು ಎಲೆಯ ಮೂಲೆ ಮಡಚಿತ್ತು ಅಂತ ಮಮತಾಳೇ ಮುಂದೆ ನಿಂತು ಅವನ ಆಟ ರದ್ದು ಮಾಡಿಸಿದ್ದಳು. ಬೆನ್ನು ನೋಡಿ ಯಾವ ಎಲೆ ಅಂತ ಗೊತ್ತಾಗುವ ಹಾಗಿದ್ದರೆ ಅದು ಮೋಸ, ಬೇಕಂತ ಮಾಡಿದರೂ ಗೊತ್ತಿಲ್ಲದೆ ಮಾಡಿದರೂ ಒಂದೇ ಅಂತ ಅವಳು ಅವತ್ತು ಅಂದಿದ್ದಳು. ಅವನು ಎಲೆಗಳನ್ನು ಕಟ್ಟಿಕೊಂಡು ಎದ್ದು ಹೋಗಿದ್ದ.

ಇಬ್ಬರೂ ಒಂದೊಂದು ಆಟ ಗೆದ್ದು ಮೂರನೆಯದು ನಡೆಯುತ್ತಿತ್ತು. ಅವಳ ಸರದಿ. ಹೆಬ್ಬೆರಳಿಡಲು ಹೋದವಳ ಕಣ್ಣಿಗೆ ಕಟ್ಟಿನ ಮೇಲಿದ್ದ ಎಲೆಯ ಬೆನ್ನು ಬಿತ್ತು. ಪಾರದರ್ಶಕ ಕವರಿನೊಳಗೆ, ಒಂದು ಅಂಚಿನಲ್ಲಿ, ಉಗುರಿನಷ್ಟು ಹಳದಿ. ಭಂಡಾರ. ಅವರ ಮನೆಯಲ್ಲಿ ದೇವರ ಮುಂದೆ ಇಡುವ ಅರಿಶಿನದ ಪುಡಿ. ಹಬ್ಬದ ದಿನ ನಿಂಗಕ್ಕ ಜೆರಾಕ್ಸ್ ಯಂತ್ರಕ್ಕೆ, ಕತ್ತರಿಗೆ, ಸ್ಟೇಪ್ಲರಿಗೆ ಎಲ್ಲಕ್ಕೂ ಹಚ್ಚಿದ್ದಳು. ಅನ್ನ ಕೊಡುವ ವಸ್ತುವಿಗೆ ಭಂಡಾರ ಹಚ್ಚದೆ ವರ್ಷ ದಾಟಿಸುವವಳಲ್ಲ ಅವಳು. ನಲವತ್ತು ಎಲೆಗಳಲ್ಲಿ ಅವ್ವ ಒಂದಕ್ಕೆ ಮಾತ್ರ ಹಚ್ಚಿದ್ದರೆ ಅದು ಯಾವುದು ಅನ್ನುವುದಕ್ಕೆ ಮಮತಾ ಯೋಚಿಸಬೇಕಾಗಿರಲಿಲ್ಲ.

ಆ ಕ್ಷಣವೇ ಕೈ ಎತ್ತಿ ಹೇಳಬೇಕಿತ್ತು. ಹೇಳಲಿಲ್ಲ. ಕಾಣದಿದ್ದರೂ ನಾನು ಈಗ ಮುಚ್ಚುತ್ತಲೇ ಇದ್ದೆ ಅಂತ ಒಂದು ಮನಸ್ಸು ಅಂದಿತು, ಇನ್ನೊಂದು ಏನೂ ಅನ್ನಲಿಲ್ಲ. ಅವಳು ಹಗೇವು ಮುಚ್ಚಿದಳು. ಮರು ಸರದಿಗೆ ಬರಗಾಲ ಎತ್ತಿ ಇಳಿಸಿದಳು. ಮಲ್ಲೇಶ್ ತನ್ನ ಒಂಬತ್ತು ಕಾಳಿನ ಎಲೆಗಳನ್ನು ಒಂದೊಂದಾಗಿ ತೆಗೆದಿಟ್ಟು ಎದ್ದು ಕೈ ಮುಗಿದ. ಸುತ್ತ ನಿಂತವರು ಚಪ್ಪಾಳೆ ಹೊಡೆದರು. ಯಾರೋ ವಾಸನೆಯ ಮಾತು ಎತ್ತಿದರು, ಎಲ್ಲರೂ ನಕ್ಕರು, ಮಮತಾಳೂ ನಕ್ಕಳು. ಆ ನಗುವಿಗೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮಾರನೆಯ ಬೆಳಗ್ಗೆ ನಿಂಗಕ್ಕ ರೊಟ್ಟಿ ತಟ್ಟುತ್ತಿದ್ದಾಗ ಮಮತಾ ಎಲೆಗೆ ಭಂಡಾರ ಹಚ್ಚಿದ್ದೆಯಾ ಅಂತ ಕೇಳಿದಳು. ಸಿಟ್ಟಿನಿಂದ ಕೇಳಬೇಕೆಂದಿದ್ದವಳಿಗೆ ತಾಯಿಯ ಮುಖ ನೋಡಿ ದನಿ ಇಳಿಯಿತು.

"ಹಚ್ಚಿದ್ನವ್ವ," ಅಂದಳು ನಿಂಗಕ್ಕ. "ಈ ಸಲ ಕೈ ಒದ್ದೆ ಇತ್ತು, ಕಲೆ ಆತೇನೋ. ದೊಡ್ಡದೇನಲ್ಲ ಬಿಡು."

"ಅದೊಂದಕ್ಕೇ ಯಾಕವ್ವ?"

"ನೀನೇ ಹೇಳಿದ್ದಲ್ಲ, ಅದೇ ನನ್ ಕೈ ಹಿಡಿದ ಎಲೆ ಅಂತ. ಕವರಿಂದ ತೆಗ್ದು, ಭಂಡಾರ ಮುಟ್ಸಿ, ಸೆರಗಲ್ಲಿ ಒರ್ಸಿ ಹಂಗೇ ಇಡ್ತೀನಿ. ಮೊದ್ಲಿಂದ್ಲೂ, ವರ್ಷಾ ವರ್ಷಾ."

ವರ್ಷಾ ವರ್ಷಾ. ಮಮತಾ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಟ್ಟನ್ನು ಏಳೆಂಟು ಸಲ ಕಲೆಸಿದಳು. ಕಣ್ಣು ಮುಚ್ಚಿ, ಒಂದೊಂದೇ ಎಲೆಯ ಬೆನ್ನಿನ ಮೇಲೆ ಹೆಬ್ಬೆರಳು ಎಳೆಯುತ್ತ ಪಕ್ಕಕ್ಕೆ ಇಡುತ್ತ ಹೋದಳು. ಹದಿನಾಲ್ಕನೆಯ ಎಲೆಯ ಹತ್ತಿರ ಬೆರಳು ತಾನಾಗಿಯೇ ನಿಂತಿತು. ನಾಲ್ಕು ವರ್ಷದ ಪುಡಿ ಕವರಿನ ಅಂಚಿನಲ್ಲಿ ಕೂತು ಕೂದಲೆಳೆಯಷ್ಟು ಉಬ್ಬಿತ್ತು. ಕಣ್ಣು ತೆರೆದು ನೋಡುವ ಧೈರ್ಯ ಬರಲು ಹೊತ್ತು ಹಿಡಿಯಿತು. ಬರಗಾಲವೇ. ಮತ್ತೆ ಕಲೆಸಿದಳು, ಮತ್ತೆ ಅದೇ. ಇನ್ನೂ ಮೂರು ಸಲ ನೋಡಿದಳು. ಒಂದು ಸಲವೂ ಬೆರಳು ತಪ್ಪಲಿಲ್ಲ.

ತಾಯಿಗೆ ಇದನ್ನು ಹೇಳುವುದು ಹೇಗೆ. ಮಗಳು ಗೆಲ್ಲಲಿ ಅಂತ ಹಚ್ಚಿದ ಭಂಡಾರ ಮಗಳನ್ನು ಗೆಲ್ಲಿಸಿಯೇ ಬಿಟ್ಟಿತ್ತು. ಹೇಳಿದರೆ ಮುದುಕಿ ಒಳ್ಳೆಯದೇ ಆಯಿತಲ್ಲ ಅಂದರೂ ಅಂದಾಳು, ಅದನ್ನು ಕೇಳುವ ಶಕ್ತಿ ಮಮತಾಳಿಗೆ ಇರಲಿಲ್ಲ. ಅಂಗಡಿಗೆ ಬೀಗ ಹಾಕಿ ಹೊಳಲ್ಕೆರೆಯ ಬಸ್ಸು ಹತ್ತಿದಳು.

ಬೀಜದ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಮೂಟೆಗಳ ಮೇಲೆ ಕೂತು ಮಲ್ಲೇಶ್ ಎಲ್ಲ ಕೇಳಿಸಿಕೊಂಡ. ರಾಜ್ಯ ಮಟ್ಟಕ್ಕೆ ಅವನೇ ಹೋಗಬೇಕು, ಪಂದ್ಯ ನಡೆಸಿದವರಿಗೆ ತಾನು ಫೋನ್ ಮಾಡಿ ಹೇಳಿದ್ದಾಗಿದೆ ಅಂತ ಅವಳು ಅಂದಳು. ಅವನು ಅದಕ್ಕೆ ಸಂತೋಷವನ್ನೂ ಪಡಲಿಲ್ಲ, ಬೈಯಲೂ ಇಲ್ಲ. ಅವಳು ತಂದಿದ್ದ ಬರಗಾಲದ ಎಲೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಅಂಚಿನ ಮೇಲೆ ತಾನೂ ಬೆರಳಾಡಿಸಿದ.

"ನಿನ್ನೆ ಆಟದ್ದು ಬಿಡ್ರಿ ಅಕ್ಕ, ಬಂದು ಹೇಳಿದ್ರಿ, ಮುಗೀತು," ಅಂದ. ಎಲೆಯನ್ನು ವಾಪಸು ಕೊಡುತ್ತಾ ಕೇಳಿದ. "ಅದಕ್ಕಿಂತ ಮುಂಚಿನವು?"

"ಗೊತ್ತಿಲ್ಲಪ್ಪ."

"ಒಂದೂ ನಿಮ್ದಲ್ಲ ಅಂತೀರಾ?"

"ಯಾವ್ದು ನಂದು, ಯಾವ್ದು ಬೆರಳಿಂದು ಅಂತ ಗೊತ್ತಾಗ್ತಿಲ್ಲ ಮಲ್ಲೇಶ್. ಅದೇ ನಂಗೆ ಹೆದರಿಕೆ."

ಮಲ್ಲೇಶ್ ಒಳ್ಳೆಯವನು. ಹಗೇವಿಗೆ ಬರಗಾಲ ಜೋಡಿಸಿದ್ದು ಬೆರಳಲ್ಲ, ಆನೆ ಫಿರಂಗಿ ತೆಗೆದುಹಾಕಿದ್ದೂ ಬೆರಳಲ್ಲ, ಆ ಕಟ್ಟು ಕಟ್ಟಿದ್ದು ನಿಮ್ಮ ತಲೆಯೇ ಅಂತ ಬಸ್ ನಿಲ್ದಾಣದವರೆಗೂ ಹೇಳುತ್ತಾ ಬಂದ. ಅವನು ಹೇಳಿದ್ದು ನಿಜವೇ. ಮಮತಾ ದಾರಿಯುದ್ದಕ್ಕೂ ಆ ಮಾತನ್ನು ಹಿಡಿದುಕೊಂಡೇ ದುರ್ಗಕ್ಕೆ ವಾಪಸಾದಳು.

ಮುಂದಿನ ಭಾನುವಾರ ಷಟರು ಅರ್ಧ ಎಳೆದು ಕೂತ ಎಲ್ಲರ ಮುಂದೆ ಅವಳು ನಡೆದದ್ದನ್ನು ಹೇಳಿದಳು. ಯಾರೂ ಕೆಟ್ಟ ಮಾತಾಡಲಿಲ್ಲ. ಒಬ್ಬಿಬ್ಬರು ಮಾತ್ರ ಹೋದ ವರ್ಷ ತಾವು ಸೋತ ಆಟಗಳನ್ನು ನೆನಪು ಮಾಡಿಕೊಳ್ಳುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಮುಜುಗರ ತೆಗೆಯಲೆಂದೋ ಏನೋ, ಹೊಸದುರ್ಗದಿಂದ ಬರುವ ಉಷಾ ಟೀಚರ್ ತನ್ನ ಎಲೆಗಳನ್ನು ತಂದು ಮಮತಾಳ ಎದುರು ಹರಡಿದಳು. ನಲವತ್ಮೂರು ಇದ್ದವು, ಮೂರು ತೆಗೆಯಬೇಕಿತ್ತು. ಮುಂಚೆ ಆಗಿದ್ದರೆ ಮಮತಾಳಿಗೆ ಅದು ಒಂದು ಲೋಟ ಟೀ ಕುಡಿಯುವಷ್ಟು ಹೊತ್ತಿನ ಕೆಲಸ.

ಅವಳು ಒಂದು ಎಲೆ ಎತ್ತಿದಳು, ವಾಪಸು ಇಟ್ಟಳು. ಇನ್ನೊಂದನ್ನು ಎತ್ತಿದಳು. ಇದನ್ನು ತೆಗೆಯಬೇಕು ಅಂತ ಅನ್ನಿಸುತ್ತಿತ್ತು, ಹಾಗೆ ಅನ್ನಿಸುತ್ತಿರುವುದು ಎಲ್ಲಿಂದ ಅಂತ ಅವಳು ತಿರುಗಿ ಕೇಳಿಕೊಳ್ಳುತ್ತಿದ್ದಳು, ಕೇಳಿಕೊಂಡ ಕೂಡಲೇ ಏನೂ ಅನ್ನಿಸದೆ ಹೋಗುತ್ತಿತ್ತು. ಉಷಾ ಪೆನ್ನು ಹಿಡಿದು ಕಾಯುತ್ತಿದ್ದಳು. ಮಿಕ್ಕವರು ತಮ್ಮ ಆಟ ಬಿಟ್ಟು ಇತ್ತ ನೋಡತೊಡಗಿದರು. ಮಮತಾ ನಲವತ್ಮೂರು ಎಲೆಗಳನ್ನೂ ಒಟ್ಟು ಮಾಡಿ ಅವಳ ಕಡೆ ಸರಿಸಿದಳು.

"ನೀವೇ ನೋಡ್ರಿ ಟೀಚರ್," ಅಂದಳು. "ನಂಗೆ ತಿಳೀವಲ್ದು."