ಗಿಣ್ಣು ವಾಪಸು ಹೋದ ಸಂಜೆ

ನಾನು ಕೆಲಸ ಮಾಡುತ್ತಿದ್ದ ಪಶುರೋಗ ಪ್ರಯೋಗಾಲಯದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಕಾಲುಬಾಯಿ ಜ್ವರ ಬಂದ ದನಗಳನ್ನು ಮುಟ್ಟಿದವರು ಕೆಲವು ದಿನ ಬೇರೆ ಯಾವ ದನದ ಹತ್ತಿರವೂ ಸುಳಿಯಬಾರದು. ಮಿಂದರೂ ಅಷ್ಟೇ, ಬಟ್ಟೆ ಬದಲಾಯಿಸಿದರೂ ಅಷ್ಟೇ. ಆ ವೈರಸ್ಸು ಚಪ್ಪಲಿಯಲ್ಲಿ, ಕೂದಲಲ್ಲಿ, ಮೂಗಿನೊಳಗೂ ಕೂತು ಬರಬಹುದು. ನಮಗೇನೂ ಮಾಡುವುದಿಲ್ಲ, ನಾವು ಅದಕ್ಕೆ ಬರೀ ಬಸ್ಸು. ಅಮ್ಮನಿಗೆ ಇದನ್ನು ಹೇಳಿದಾಗ, “ದೂರ ಕೂರೋದು ನಮ್ಮ ಕಾಲಕ್ಕೇ ಮುಗೀತು ಅಂದ್ಕೊಂಡಿದ್ದೆ. ಸರ್ಕಾರದೋರು ಮತ್ತೆ ಶುರು ಮಾಡಿದ್ರಾ?” ಎಂದು ಕೇಳಿದ್ದಳು.

ಎರಡು ಸಾವಿರನೇ ಇಸವಿಯ ಆಚೀಚಿನ ವರ್ಷಗಳು. ಮೈಸೂರಿನ ಕಡೆಯಿಂದ ತಮಿಳು ಸೀಮೆಗೆ ಬಂದ ನಾವಿಬ್ಬರು, ಅಮ್ಮ ಮತ್ತು ನಾನು, ತ್ರಿಪ್ಲಿಕೇನಿನ ಒಂದು ಸಂದಿಯಲ್ಲಿ ಮಹಡಿಮೇಲೆ ಬಾಡಿಗೆಗಿದ್ದೆವು. ಕೆಳಗೆ, ಒಂದು ಲಾಡ್ಜಿನ ಪಕ್ಕದಲ್ಲಿ, ನಮಗೆ ಹಾಲು ಹಾಕುವಾಕೆಯ ಕೊಟ್ಟಿಗೆ. ನಾವು ಅವಳನ್ನು ಹಾಲಿನಮ್ಮ ಎನ್ನುತ್ತಿದ್ದೆವು. ಅವಳಿಗೆ ಉಳಿದಿದ್ದದ್ದು ಒಂದೇ ಹಸು, ಅದಕ್ಕೂ ವಯಸ್ಸಾಗಿತ್ತು. ಹಿಂದಿನ ಸಲದ ಕರು ಉಳಿದಿರಲಿಲ್ಲ. ಈ ಸಲ ಹೆಣ್ಣು ಕರು ಹುಟ್ಟಿ ಬದುಕಿದರೆ ಕೊಟ್ಟಿಗೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಅಲ್ಲಿ ಲಾಡ್ಜಿನವರ ಬೈಕುಗಳು ನಿಲ್ಲುತ್ತವೆ. ಲಾಡ್ಜಿನ ಮ್ಯಾನೇಜರು ಆಗಲೇ ಬಂದು ಜಾಗದ ಉದ್ದಗಲವನ್ನು ಹೆಜ್ಜೆಯಲ್ಲಿ ಅಳೆದು ಹೋಗಿದ್ದ. ಅವನು ಸೆಗಣಿ ತುಳಿದದ್ದನ್ನು ಹಾಲಿನಮ್ಮ ವಾರವಿಡೀ ಹೇಳಿಕೊಂಡು ನಕ್ಕಿದ್ದಳು.

ಆ ದಿನ ಬೆಳಿಗ್ಗೆ ನಾನು ಎಣ್ಣೂರಿನ ಕಡೆಯ ಒಂದು ಹಟ್ಟಿಗೆ ರಕ್ತದ ಮಾದರಿ ತರಲು ಹೋಗಿದ್ದೆ. ದೊಡ್ಡ ದನಗಳ ಬಾಯಲ್ಲಿ ಜೊಲ್ಲು, ಗೊರಸಿನ ಸಂದಿನಲ್ಲಿ ಹುಣ್ಣು. ಒಂದು ಎಳೆಗರು ಮಾತ್ರ ಚೆನ್ನಾಗಿತ್ತು. ಬಾಯಿ ತೆರೆದು ನೋಡಿದೆ, ಒಂದು ಗುಳ್ಳೆಯೂ ಇರಲಿಲ್ಲ. ಅದನ್ನು ಬಿಟ್ಟೆ, ತಾಯಿಯ ಹತ್ತಿರ ಓಡಿ ಕೆಚ್ಚಲಿಗೆ ಬಾಯಿಹಾಕಿತು. ಬಾಲ ಅಲ್ಲಾಡುತ್ತಿತ್ತು. ಬಾಲ ನಿಂತಿತು. ಆಮೇಲೆ ಕರು ಬಿತ್ತು. ತಾಯಿ ತಿರುಗಿ ಅದನ್ನು ನೆಕ್ಕಲು ಶುರುಮಾಡಿತು, ನೆಕ್ಕುತ್ತಲೇ ಇತ್ತು. ಎಳೆಗರುಗಳಲ್ಲಿ ಈ ವೈರಸ್ಸು ಬಾಯಿ ಕಾಲುಗಳ ಗೊಡವೆಗೆ ಹೋಗದೆ ನೇರ ಹೃದಯದ ಸ್ನಾಯುವಿಗೆ ನುಗ್ಗಬಹುದು ಎಂದು ಓದಿದ್ದೆ. ಓದಿದ್ದು ಬೇರೆ. ಲ್ಯಾಬಿಗೆ ಮರಳಿ ಮಿಂದು ಬಟ್ಟೆ ಬದಲಾಯಿಸಿದೆ.

ಸಂಜೆ ಮನೆಯ ಮೆಟ್ಟಿಲು ಹತ್ತಿದರೆ ಅಮ್ಮ ಬೆಲ್ಲ ಹೆರೆಯುತ್ತಿದ್ದಳು.

“ಬಾ ಬಾ. ಹಾಲಿನಮ್ಮನ ಹಸು ಮಧ್ಯಾಹ್ನ ಈಯ್ತು. ಹೆಣ್ಣು ಕರು. ನೋಡು, ಮೊದಲ ಹಾಲು, ಅರಿಶಿನ ಕಲಸಿದ ಹಾಗಿದೆ. ಊರು ಬಿಟ್ಟ ಮೇಲೆ ಇಂಥ ಗಿಣ್ಣು ಕಣ್ಣಲ್ಲಿ ಕಂಡಿಲ್ಲ ಕಣೇ.”

“ಎಲ್ಲರ ಮನೆಗೂ ಕೊಟ್ಟಳಾ?”

“ಹಾಲು ಹಾಕೋ ಮನೆಗೆಲ್ಲ ಕೊಡೋದು ಪದ್ಧತಿ ತಾನೇ?”

“ಕರು ಕುಡೀತಾ?”

“ಅದಿನ್ನೂ ಸರಿಯಾಗಿ ನಿಂತಿಲ್ವಂತೆ. ಎರಡು ಗುಟುಕು ಕುಡಿಸಿದಾಳೆ. ಜಾಸ್ತಿ ಆದ್ರೆ ಹೊಟ್ಟೆ ಕೆಡುತ್ತಲ್ಲ.”

ಉಗಿಗೆಂದು ನೀರು ಕಾಯುತ್ತಿದ್ದ ಒಲೆಯನ್ನು ನಾನು ಆರಿಸಿದೆ. ಅಮ್ಮ ನನ್ನ ಮುಖ ನೋಡಿ ಬೆಲ್ಲ ಕೆಳಗಿಟ್ಟಳು. ಬೆಳಿಗ್ಗೆ ಕಂಡದ್ದನ್ನು ಹೇಳಿದೆ, ಬಾಲ ನಿಂತದ್ದನ್ನೂ. ಆಮೇಲೆ ಉಳಿದದ್ದು. ಮನುಷ್ಯರ ಕೂಸಿಗೆ ತಾಯಿ ತನ್ನ ರೋಗನಿರೋಧಕ ಶಕ್ತಿಯನ್ನು ಗರ್ಭದಲ್ಲೇ ದಾಟಿಸುತ್ತಾಳೆ. ಹಸುವಿಗೆ ಆ ದಾರಿ ಇಲ್ಲ. ಕರು ಬರಿಗೈಯಲ್ಲಿ ಹುಟ್ಟುತ್ತದೆ, ತಾಯಿ ಕೊಡುವುದೆಲ್ಲ ಗಿಣ್ಣಿನಲ್ಲೇ ಇರುತ್ತದೆ. ಈ ಹಸುವಿಗೆ ಹೋದ ತಿಂಗಳು ನಮ್ಮವರೇ ಲಸಿಕೆ ಹಾಕಿದ್ದರು. ಕಾಲುಬಾಯಿಯ ವೈರಸ್ಸಿಗೆ ಅಂಟಿಕೊಂಡು ಅದು ಜೀವಕೋಶದ ಬಾಗಿಲು ಹಿಡಿಯದಂತೆ ತಡೆಯುವ ಪ್ರತಿಕಾಯಗಳು ಆ ಹಳದಿ ಹಾಲಿನಲ್ಲಿ ದಟ್ಟವಾಗಿರುತ್ತವೆ. ಕರುವಿನ ಕರುಳು ಅವನ್ನು ಇಡಿಯಾಗಿ ಒಳಗೆ ಬಿಟ್ಟುಕೊಳ್ಳುವುದು ಹುಟ್ಟಿದ ಮೊದಲ ಕೆಲವು ಗಂಟೆ ಮಾತ್ರ. ನಾಳೆಯ ಹೊತ್ತಿಗೆ ಆ ಬಾಗಿಲು ಮುಚ್ಚಿರುತ್ತದೆ. ಮುಂದಿನ ಹಾಲೂ ತೆಳುವಾಗುತ್ತ ಹೋಗುತ್ತದೆ. ಬೇಯಿಸಿದರಂತೂ ಪ್ರತಿಕಾಯ ಕೆಟ್ಟು ಬರೀ ತಿಂಡಿಯಾಗುತ್ತದೆ.

“ಬರೀ ತಿಂಡಿ,” ಎಂದಳು ಅಮ್ಮ. “ನಿನ್ನನ್ನ ಅಷ್ಟು ಓದಿಸಿದ್ದು ನಮ್ಮನೆ ಗಿಣ್ಣಿಗೇ ಕಲ್ಲು ಹಾಕೋಕೆ.” ಹೇಳುತ್ತಲೇ ಪಾತ್ರೆಗೆ ತಟ್ಟೆ ಮುಚ್ಚಿದಳು.

ಕೊಟ್ಟಿಗೆಗೆ ನಾನು ಹೋಗುವಂತಿರಲಿಲ್ಲ, ಪಾತ್ರೆ ಮುಟ್ಟುವಂತೆಯೂ ಇರಲಿಲ್ಲ. ಅಮ್ಮ ಪಾತ್ರೆ ಹಿಡಿದು ಕೊಟ್ಟಿಗೆಗೆ ಇಳಿದಳು, ನಾನು ಸಂದಿಯ ಆ ಕಡೆಯ ಗೋಡೆಗೆ ಅಂಟಿ ನಿಂತೆ.

“ಡಾಕ್ಟರಮ್ಮಾ, ಯಾಕಮ್ಮ ಅಲ್ಲೇ ನಿಂತೆ? ಕನ್ನುಕುಟ್ಟಿ ನೋಡ್ಲಿಕ್ಕೆ ಒಳಗೆ ಬರಲ್ವಾ?” ಎಂದಳು ಹಾಲಿನಮ್ಮ ತಮಿಳಿನಲ್ಲಿ. ಕನ್ನುಕುಟ್ಟಿ ಎಂದರೆ ಕರು. ಗೋಡೆಯಿಂದಲೇ ಕೂಗಿ ವಿಷಯ ಹೇಳಿದೆ, ಹಂಚಿದ ಗಿಣ್ಣು ಇವತ್ತೇ ಕರುವಿನ ಹೊಟ್ಟೆಗೆ ಹೋಗಬೇಕು ಎಂದೆ. ಜ್ವರದ ಮಾತು ಬಂದ ಕೂಡಲೇ ಅವಳ ನಗು ಹೋಯಿತು. ಕೋಯಂಬೇಡಿನ ಮಾರ್ಕೆಟ್ಟಿನ ಹಿಂದೆ ಕೋಸಿನ ಎಲೆ ಮೇಯುವ ದನಗಳಿಗೂ ಜೊಲ್ಲು ಸುರಿಯುತ್ತಿದೆಯೆಂದು ಅವಳು ಕೇಳಿದ್ದಳು. ಅವಳ ಹಸುವಿನ ಮೇವೂ ಅಲ್ಲಿಂದಲೇ ಬರುತ್ತಿತ್ತು.

“ಆದ್ರೆ ಕೊಟ್ಟ ಸೀಂಬಾಲ್ ತಿರುಗಿ ಕೇಳಿದ್ರೆ ಕೆಚ್ಚಲು ಬತ್ತಿ ಹೋಗುತ್ತೆ,” ಎಂದಳು. ಗಿಣ್ಣಿಗೆ ಅಲ್ಲಿ ಸೀಂಬಾಲ್ ಎನ್ನುತ್ತಾರೆ. “ನಾನು ಕೇಳಲ್ಲ. ನೀವೂ ಕೇಳಬೇಡಿ.”

ಇದಕ್ಕೆ ಉತ್ತರ ಅಮ್ಮನ ಹತ್ತಿರ ಇತ್ತು. ಅವಳ ಕನ್ನಡವನ್ನು ನಾನು ಗೋಡೆಯಿಂದಲೇ ತಮಿಳಿಗೆ ತಿರುಗಿಸುತ್ತಿದ್ದೆ.

“ಕೇಳೋದೇ ಬೇಡ. ಗಿಣ್ಣು ಕೊಟ್ಟ ಪಾತ್ರೆ ಬರಿದು ಮಾಡಿ ವಾಪಸ್ ಕೊಡಬಾರದು ಅಲ್ವಾ? ನಿಮ್ಮಲ್ಲೂ ಅದೇ ತಾನೇ?”

“ಆಮಾ. ಅಕ್ಕಿಯೋ ಬೆಲ್ಲವೋ ಹಾಕಿ ಕೊಡ್ತಾರೆ.”

“ಇವತ್ತು ಎಲ್ಲರೂ ಪಾತ್ರೆ ವಾಪಸ್ ಕೊಡ್ತಾರೆ. ಏನು ಹಾಕಿ ಕೊಡ್ತಾರೆ ಅನ್ನೋದು ಅವರ ಧರ್ಮ,” ಎನ್ನುತ್ತ ಅಮ್ಮ ನಮ್ಮ ಮನೆಯ ಪಾತ್ರೆಯನ್ನು ತುಂಬಿದಂತೆಯೇ ಅವಳ ಕೈಗಿತ್ತಳು. ಹಾಲಿನಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು. ತಾನು ಕೇಳಿರಲಿಲ್ಲ, ಬಂದಿತ್ತು.

ಗಿಣ್ಣು ಹೋದ ಮನೆಗಳಿಗೆಲ್ಲ ಹೊರಟೆವು, ಅಮ್ಮ ಮುಂದೆ, ನಾನು ಹಿಂದೆ ಕೈಕಟ್ಟಿಕೊಂಡು. ಅಮ್ಮನ ತಮಿಳಿಗೆ ಕ್ರಿಯಾಪದಗಳೇ ಇರಲಿಲ್ಲ. “ಪಾಪ ಕನ್ನುಕುಟ್ಟಿ. ಸೀಂಬಾಲ್. ಪಾತ್ರೆ. ಬರಿದು ವೇಂಡಾಂ,” ಎನ್ನುವಳು. ಜನ ನನ್ನ ಕಡೆ ನೋಡುವರು, ನಾನು ತಲೆಯಾಡಿಸುವೆ. ಇಬ್ಬರು ಮರುಮಾತಿಲ್ಲದೆ ಕೊಟ್ಟರು. ಎದುರುಮನೆಯ ಮಾಮಿ ಬಾಗಿಲನ್ನು ಅರ್ಧ ತೆರೆದು, “ಅಯ್ಯೋ, ಆಗಲೇ ಬೇಯಿಸಿಬಿಟ್ಟೆನಲ್ಲ,” ಎಂದರು. ಅವರು ಹಳೆಯ ರೈಲ್ವೆ ಕುಟುಂಬದವರು, ಅರ್ಧ ಕನ್ನಡ ಅರ್ಧ ತಮಿಳು.

ಅಮ್ಮ ಹೊಸ್ತಿಲಲ್ಲೇ ನಿಂತು ಗಾಳಿ ಎಳೆದುಕೊಂಡಳು. “ಏಲಕ್ಕಿ ಹಾಕ್ಲಿಲ್ವಾ ಮಾಮಿ?”

“ಹಾಕದೆ ಇರ್ತೀನಾ?”

“ವಾಸನೆ ಸಾಂಬಾರಿಂದು ಬರ್ತಿದೆ. ಹುಳಿ ಸ್ವಲ್ಪ ಮುಂದಾಗಿದೆ.”

ಮಾಮಿ ಒಳಗೆ ಹೋಗಿ ಪಾತ್ರೆ ತಂದರು. ಹಳದಿ ಹಾಲು, ಹಸಿಯಾಗಿಯೇ. “ಅವರಿಗೆ ತುಂಬಾ ಇಷ್ಟ, ಅದಕ್ಕೆ,” ಎಂದು ಗಂಡನ ಮೇಲೆ ಹಾಕಿದರು. ಒಳಗಿನಿಂದ ಗಂಡ, “ನನಗೆ ಸಕ್ಕರೆ ಕಾಯಿಲೆ ಕಣೇ,” ಎಂದದ್ದು ನಮಗೂ ಕೇಳಿಸಿತು.

ಸಂದಿಯ ತುದಿಯ ಮೆಸ್ಸಿನವನು ತನ್ನ ಪಾಲನ್ನು ತಾನೇ ಹೊತ್ತು ಬಂದ, ಜೊತೆಗೆ ಲಾಡ್ಜಿನಿಂದ ತಂದ ಖಾಲಿ ಬಿಯರ್ ಬಾಟಲಿ. “ಕುಡಿಸಲಿಕ್ಕೆ ಆಗುತ್ತೆ. ತೊಳೆದಿದೀನಿ.”

“ಹುಟ್ಟಿದ ದಿನವೇ ಬಾಟ್ಲಿ ಹಿಡಿಸಬೇಡಪ್ಪ,” ಎಂದಳು ಅಮ್ಮ.

ಹಾಲಿನ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ತಾಯಿಯ ಮೈಶಾಖಕ್ಕೆ ತರಲು ಗೋಡೆಯಿಂದ ಹೇಳಿದೆ, ಒಲೆಯ ಮೇಲೆ ಮಾತ್ರ ಇಡಬೇಡಿ ಎಂದೆ. ಅಮ್ಮ ಸೆರಗು ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತು, ಹಾಲಿನಲ್ಲಿ ಎರಡು ಬೆರಳು ಅದ್ದಿ ಕರುವಿನ ಬಾಯಿಗಿಟ್ಟಳು. ಮೊದಲು ಅದು ಮುಖ ತಿರುಗಿಸಿತು. ಮತ್ತೆ ಅದ್ದಿದಳು. ನನಗೆ ಅವಳ ಬೆನ್ನು, ಕರುವಿನ ಬಾಲ ಇಷ್ಟೇ ಕಾಣುತ್ತಿತ್ತು. ಬಾಲ ಜೋತುಬಿದ್ದಿತ್ತು. ನಾನು ಬೇರೇನನ್ನೂ ನೋಡಲಿಲ್ಲ.

“ಹಿಡೀತು,” ಎಂದಳು ಅಮ್ಮ. “ಅಬ್ಬ, ಹಲ್ಲಿಲ್ಲ ಅಂದವರ್ಯಾರು?” ಕೈಯನ್ನು ನಿಧಾನವಾಗಿ ಪಾತ್ರೆಗೆ ಇಳಿಸಿದಳು, ಕರುವಿನ ಮೂತಿಯೂ ಜೊತೆಗೇ ಇಳಿಯಿತು. ಬಾಲ ಅಲ್ಲಾಡಿತು, ನಿಲ್ಲದೆ ಅಲ್ಲಾಡಿತು. ಹಾಲಿನಮ್ಮ ನನ್ನ ಕಡೆ ತಿರುಗಿ ನಗುವಾಗ ನಾನು ಗೋಡೆಗೆ ಮುಖಮಾಡಿ ಮೂಗು ಒರೆಸಿಕೊಳ್ಳುತ್ತಿದ್ದೆ.

ಕೆಲವು ವಾರಗಳ ಮೇಲೆ ಜ್ವರ ನಮ್ಮ ಸಂದಿಗೂ ಬಂತು. ಹಿಂದಿನ ಬೀದಿಯ ಎರಡು ಎಳೆಗರುಗಳು ಹೋದವು. ನಮ್ಮದು ಬದುಕಿತು. ಗಿಣ್ಣಿನಿಂದಲೇ ಉಳಿಯಿತೆಂದು ನಾನು ಆಣೆಮಾಡಿ ಹೇಳಲಾರೆ. ಹೋಲಿಸಿ ನೋಡಲು ಗಿಣ್ಣು ಕುಡಿಯದ ಇನ್ನೊಂದು ಕರು ಅದೇ ಗೂಟದಲ್ಲಿ ಇರಲಿಲ್ಲವಲ್ಲ. ಹಾಲಿನಮ್ಮನಿಗೆ ಇಂಥ ತೊಡಕಿರಲಿಲ್ಲ. ಕರುವಿಗೂ ಬೇಗ ಸೂಜಿ ಹಾಕಿಬಿಡು ಎಂದಳು. ಇನ್ನೂ ಕೆಲವು ತಿಂಗಳು ಕಾಯಬೇಕು, ತಾಯಿಯಿಂದ ಬಂದ ಪ್ರತಿಕಾಯಗಳು ಲಸಿಕೆಯನ್ನೂ ಶತ್ರುವೆಂದು ಹಿಡಿದು ಮುಗಿಸಿಬಿಡುತ್ತವೆ, ಕರು ತಾನಾಗಿ ಏನೂ ಕಲಿಯುವುದಿಲ್ಲ ಎಂದೆ.

“ಮಗಳು ತಾನೇ ಕಲೀಬೇಕಾದ್ರೆ ಅಮ್ಮ ಸ್ವಲ್ಪ ಸುಮ್ಮನಿರಬೇಕು ಅನ್ನು,” ಎಂದಳು ಅಮ್ಮ. ತಾನು ಮಾತ್ರ ಸುಮ್ಮನಿರಲಿಲ್ಲ.

ಆ ಕರು ಬೆಳೆದು ತಾನೇ ಈದಾಗ ಹಾಲಿನಮ್ಮ ಮೆಟ್ಟಿಲು ಹತ್ತಿ ಬಂದಳು. ಈದ ಮಾರನೆಯ ಸಂಜೆ, ಸೆರಗಿನಡಿಯಲ್ಲಿ ಪಾತ್ರೆ. “ಕನ್ನುಕುಟ್ಟಿ ಹೊಟ್ಟೆ ತುಂಬ ಕುಡಿದ ಮೇಲೆ ಉಳಿದದ್ದಮ್ಮ,” ಎಂದಳು. ಹಾಲು ಬೆಳ್ಳಗಿತ್ತು. ಅಮ್ಮ ಬೆಲ್ಲ, ಏಲಕ್ಕಿ ಹಾಕಿ ಉಗಿಯಲ್ಲಿಟ್ಟಳು. ಅದು ಗಟ್ಟಿಯಾಗಲೇ ಇಲ್ಲ.

“ಇದು ಗಿಣ್ಣಲ್ಲ, ಪಾಯಸ,” ಎಂದು ಗೊಣಗುತ್ತ ಅಮ್ಮ ಅದನ್ನು ಲೋಟಕ್ಕೆ ಸುರಿದುಕೊಂಡು ಕುಡಿದಳು, ನನ್ನ ಪಾಲಿನಲ್ಲೂ ಅರ್ಧ. ಆಮೇಲೆ ಪಾತ್ರೆ ತೊಳೆದು, ಒಂದು ಅಚ್ಚು ಬೆಲ್ಲ ಹಾಕಿ, ವಾಪಸು ಕೊಡಲು ಕೆಳಗಿಳಿದಳು. ಕೊಟ್ಟಿಗೆಯ ಬಾಗಿಲಿನ ಪಕ್ಕದಲ್ಲಿ ಲಾಡ್ಜಿನವರ ಒಂದು ಬೈಕು ನಿಂತಿತ್ತು. ಅದರ ಸೀಟನ್ನು ಬಾಣಂತಿ ಹಸು ನಿಧಾನವಾಗಿ ನೆಕ್ಕುತ್ತಿತ್ತು.