ರೇಷ್ಮೆ ಎಳೆ ಅಲ್ಲಾಡಿದ ಜಾಗ

ಬೆಳಿಗ್ಗೆ ಐದೂವರೆಗೆ ನಲ್ಲಿ ನೀರು ಬಂತು, ಸಂಪು ತುಂಬಿಸಿದೆ. ಅತ್ತೆಯ ಮಂಡಿಗೆ ಎಣ್ಣೆ ಹಚ್ಚಿದೆ. ದೋಸೆ ಹಿಟ್ಟು ಹುಳಿ ಬಂದಿತ್ತು, ಈರುಳ್ಳಿ ಹೆಚ್ಚಿ ಹಾಕಿ ಪಡ್ಡು ಮಾಡಿದೆ. ಇಸ್ತ್ರಿಗೆ ಏಳು ಷರ್ಟು ಕೊಟ್ಟೆ. ಗ್ಯಾಸ್ ಬುಕ್ ಮಾಡಿದೆ. ಕಂಬಳಿಯ ಅಂಚು ಹೊಲಿದೆ. ಹನ್ನೊಂದು ಗಂಟೆಗೆ ಹಳೆಯ ವಿಮಾನವೊಂದರ ಮೂತಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ರೇಷ್ಮೆ ಎಳೆ ಹಿಡಿದೆ.

ಕೊನೆಯ ಕೆಲಸ ಬಿಟ್ಟರೆ ಮಿಕ್ಕಿದ್ದೆಲ್ಲ ದಿನಾ ಇರುವುದೇ.

ನಮ್ಮವರು ವಿಮಾನ ಹಾರಿಸುವುದನ್ನು ಕಲಿಸುತ್ತಾರೆ. ಮನೆ ಚಿಕ್ಕಬಳ್ಳಾಪುರದಲ್ಲಿ. ಪೆರೇಸಂದ್ರ ದಾಟಿ ಒಳಗೆ ಹೋದರೆ ದ್ರಾಕ್ಷಿ ತೋಟಗಳ ನಡುವೆ ಸಣ್ಣದೊಂದು ರನ್‌ವೇ, ಪಕ್ಕದಲ್ಲಿ ತಗಡಿನ ಹ್ಯಾಂಗರ್. ಅಲ್ಲಿರುವುದು ಒಂದೇ ವಿಮಾನ, ನಾಲ್ಕು ಸೀಟಿನದು, ನಮ್ಮ ಮದುವೆಗಿಂತ ಹಳೆಯದು.

ಈ ಚಳಿಗಾಲ ಶುರುವಾದಾಗಿನಿಂದ ಅವರಿಗೆ ತಲೆನೋವು. ಸಂಜೆ ಬಂದವರು ಶೂ ಬಿಚ್ಚುವುದಕ್ಕೂ ಆಗದೆ ಹಣೆ ಹಿಡಿದುಕೊಂಡು ಕೂರುತ್ತಿದ್ದರು. ಕಣ್ಣಿನ ಡಾಕ್ಟರಿಗೆ ತೋರಿಸಿದ್ದಾಯಿತು, ಕನ್ನಡಕದ ನಂಬರು ಬದಲಾಗಿರಲಿಲ್ಲ. ಮುಂದಿನ ತಿಂಗಳು ಲೈಸೆನ್ಸಿನ ವೈದ್ಯಕೀಯ ಪರೀಕ್ಷೆ. ತಲೆಯೊಳಗೆ ಏನಾದರೂ ಇದೆ ಎಂದು ತಿಳಿದರೆ ಅವರ ಹಾರಾಟ ಅಲ್ಲಿಗೆ ಮುಗಿಯಿತು.

"ಸ್ಕ್ಯಾನ್ ಮಾಡಿಸಣ ರೀ" ಎಂದರೆ, "ಮಾಡಿಸಿದ್ರೆ ಏನೋ ಒಂದು ಸಿಗುತ್ತೆ ಕಣೇ" ಎಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದರು.

ನನಗೆ ದಿನಾ ನಾಲ್ಕು ಸಾಲು ಬರೆದಿಡುವ ಅಭ್ಯಾಸ. ಹಾಲು ಒಡೆಯಿತು, ಕರೆಂಟು ಹೋಯಿತು, ಇವರಿಗೆ ತಲೆನೋವು, ಹೀಗೆ. ಹೋದ ವಾರ ಹಿಂದಿನ ಪುಟಗಳನ್ನು ತಿರುವಿದೆ. ಹಬ್ಬದ ರಜೆಯಲ್ಲಿ ಒಂದು ದಿನವೂ ತಲೆನೋವಿಲ್ಲ. ನಗರಗೆರೆಯ ನೆಂಟರ ಮನೆ ತಿಥಿಗೆ ಹೋದಾಗ ಇಡೀ ಮಧ್ಯಾಹ್ನ ಬಿಸಿಲಲ್ಲಿ ನಿಂತು ಬಡಿಸಿದ್ದರು, ಅವತ್ತೂ ಇಲ್ಲ. ಒಂದು ಪಾಠ ಹೇಳಿದ ದಿನ ಸ್ವಲ್ಪ, ಎರಡು ಪಾಠ ಹೇಳಿದ ದಿನ ಜಾಸ್ತಿ.

ಪುಸ್ತಕವನ್ನು ಅವರ ತಟ್ಟೆಯ ಪಕ್ಕದಲ್ಲಿಟ್ಟು, "ನೋವಿರೋದು ನಿಮ್ಮ ತಲೇಲಿ ಅಲ್ಲ ರೀ, ಆ ವಿಮಾನದಲ್ಲಿ" ಎಂದೆ.

ಅವರು ಎರಡು ಸಲ ಓದಿದರು. ಕಲಿಯಲು ಬರುವ ಹುಡುಗಿಯೊಬ್ಬಳು ವಾಂತಿ ಬಂದ ಹಾಗಾಗುತ್ತದೆ ಎಂದಿದ್ದಳಂತೆ, ಹೊಸಬರಿಗೆ ಹಾಗೇ ಎಂದು ಇವರೇ ಸಮಾಧಾನ ಹೇಳಿ ಕಳಿಸಿದ್ದರಂತೆ. ಊಟ ಅರ್ಧಕ್ಕೆ ಬಿಟ್ಟು ಮೆಕ್ಯಾನಿಕ್‌ಗೆ ಫೋನ್ ಮಾಡಿದರು. ಮಾರನೆಯ ದಿನದಿಂದ ವಿಮಾನ ಹ್ಯಾಂಗರಿನಲ್ಲೇ ನಿಂತಿತು.

ಮೆಕ್ಯಾನಿಕ್ ಚಿಂತಾಮಣಿ ಊರಿನವರು, ಅರವತ್ತು ದಾಟಿದವರು. ಮಾತಿನಲ್ಲಿ ಕನ್ನಡ ತೆಲುಗು ಎರಡೂ ಕಲೆಸಿ ಬರುತ್ತವೆ. ಎಂಜಿನ್ನಿನ ಹೊಗೆ ಕೊಳವೆಯ ಒಂದು ಜೋಡಣೆಯಲ್ಲಿ ಮಸಿ ಗೆರೆ ಕಂಡು ಅದನ್ನು ಸರಿಮಾಡಿದರು. ಹೊಗೆಯಲ್ಲಿರುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಬರುವುದು ತಲೆನೋವು ಮಾತ್ರ ಎಂದರು. ಆದರೆ ಅಲ್ಲಿ ಸೋರಿದ ಹೊಗೆ ಕೂರುವ ಜಾಗಕ್ಕೆ ಯಾವ ದಾರಿಯಲ್ಲಿ ಬಂತು? ಅದು ಸಿಗದೆ ವಿಮಾನ ಮೇಲಕ್ಕೆ ಬಿಡಲ್ಲ ಎಂದರು. ಒಳಗೆ ಗಾಳಿ ಊದಿದರೆ ಸಂದಿ ಇದ್ದ ಕಡೆ ಅದು ಹೊರಗೆ ಬರಲೇಬೇಕು. ಹತ್ತಿ ದಾರ ಹಿಡಿದು ನೋಡಿದರಂತೆ, ದಾರ ಅಲ್ಲಾಡಲಿಲ್ಲವಂತೆ.

ಇದನ್ನು ಕೇಳಿ ಇವತ್ತು ನಾನೂ ಇವರ ಜೊತೆ ಹೊರಟೆ. ನನ್ನ ತವರು ಶಿಡ್ಲಘಟ್ಟ, ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುತ್ತಾರೆ. ಗೂಡಿನ ಮೇಲುಮೇಲಿನ ಒರಟು ಎಳೆ ನೂಲಿಗೆ ಆಗುವುದಿಲ್ಲ, ಅತ್ತಿಗೆ ಅದನ್ನು ಚೀಲಕ್ಕೆ ತುಂಬಿ ಕೊಡುತ್ತಾಳೆ. ಅದರಿಂದ ಒಂದೇ ಒಂದು ಎಳೆ ಬಿಡಿಸಿ ಹಿಡಿದರೆ ನಮ್ಮ ಉಸಿರಿಗೂ ತೇಲುತ್ತದೆ.

ಊದುಬತ್ತಿ ಹೊಗೆಯಲ್ಲೂ ನೋಡಬಹುದಲ್ಲ ಎಂದು ಕೇಳಿದ್ದಕ್ಕೆ ಮೆಕ್ಯಾನಿಕ್, "ಪೆಟ್ರೋಲ್ ಟ್ಯಾಂಕ್ ಪಕ್ಕ ಪೂಜೆ ಬೇಡಮ್ಮ, ಪ್ರಸಾದ ತಿನ್ನಕ್ಕೆ ನಾವಿರಲ್ಲ" ಎಂದರು.

ಹಿಂದಿನ ಸಲ ಬಾಗಿಲು ಕಿಟಕಿ ಮಾತ್ರ ಮುಚ್ಚಿ ಊದಿದ್ದರಂತೆ, ಈ ಸಲ ಗಾಳಿ ಊದುವ ಮೊದಲು ಗೊತ್ತಿರುವ ತೂತುಗಳನ್ನೆಲ್ಲ ಟೇಪಿನಿಂದ ಮುಚ್ಚಬೇಕು ಎಂದರು. ಸೀಟಿನ ಮೇಲೆ, ರೆಕ್ಕೆ ಸೇರುವ ಕಡೆ, ಹೊರಗಿನ ಗಾಳಿ ಬರುವ ಎರಡು ಕಿಂಡಿಗಳಿವೆ. ಅವನ್ನು ಮುಚ್ಚಲು ಹತ್ತಿದ ಮೆಕ್ಯಾನಿಕ್ ಎರಡು ಪುಟ್ಟ ದಿಂಬು ಹಿಡಿದುಕೊಂಡು ಕೆಳಗಿಳಿದರು.

"ಇದ್ಯಾರು ಸಾರ್ ಇಲ್ಲಿ ಗೊಂಬೆ ಮಲಗಿಸಿರೋದು?"

"ನಾನೇ ಹೊಲಿದಿದ್ದು" ಎಂದೆ.

ಹಳೆ ಕಿಂಡಿ ಸರಿಯಾಗಿ ಮುಚ್ಚುವುದಿಲ್ಲ, ಬೆಳಗಿನ ಹೊತ್ತು ನೆತ್ತಿ ಮೇಲೆ ಚಳಿ ಸುರಿಯುತ್ತದೆ ಎಂದು ಇವರು ಹೇಳಿದ್ದರು. ಅಳತೆ ತರಿಸಿಕೊಂಡು, ಅದೇ ಒರಟು ರೇಷ್ಮೆ ತುಂಬಿ, ಎರಡು ದಿಂಬು ಹೊಲಿದುಕೊಟ್ಟಿದ್ದೆ. ಅದೂ ಈ ಚಳಿಗಾಲದ ಶುರುವಿನಲ್ಲೇ. ಪುಸ್ತಕದಲ್ಲಿ ತಲೆನೋವು ಬರೆದವಳು ದಿಂಬು ಹೊಲಿದದ್ದನ್ನು ಬರೆದಿರಲಿಲ್ಲ.

ಮೆಕ್ಯಾನಿಕ್ ಬಿಡಿಸಿ ಹೇಳಿದರು. ಹಾರುವಾಗ ಬಾಗಿಲ ಸಂದಿಗಳಿಂದ ಒಳಗಿನ ಗಾಳಿ ಹೊರಕ್ಕೆ ಎಳೆದುಹೋಗುತ್ತಿರುತ್ತದೆ. ಮೇಲಿನ ಕಿಂಡಿಯಿಂದ ಒಳ್ಳೆ ಗಾಳಿ ಬಂದು ಅದನ್ನು ತುಂಬುತ್ತದೆ. ಅದನ್ನೇ ಮುಚ್ಚಿದರೆ ಎಂಜಿನ್ ಕಡೆಯಿಂದಾದರೂ ಎಳೆದುಕೊಳ್ಳುತ್ತದೆ.

"ಬಲೇ ಹೊಲಿದಿದ್ದೀರಮ್ಮ, ಒಂದು ಚೂರು ಗಾಳಿ ಬಿಟ್ಟಿಲ್ಲ."

ನಾನು ತಲೆ ಎತ್ತಲಿಲ್ಲ. "ಚಳಿ ಚಳಿ ಅಂತ ಹೊಲಿಸ್ಕೊಂಡಿದ್ದು ನಾನು ಕಣೇ. ಕಲಿಸೋ ನನಗೆ ಗೊತ್ತಿರಬೇಕಿತ್ತು" ಎಂದು ಇವರು ದಿಂಬುಗಳನ್ನು ತಮ್ಮ ಜೇಬಿಗೆ ತುರುಕಿಕೊಂಡರು.

ಎಲ್ಲ ಮುಚ್ಚಿ, ಕಿಟಕಿಗೆ ರಟ್ಟು ಕಟ್ಟಿ, ಅದರೊಳಗಿಂದ ಧೂಳು ಊದುವ ಬ್ಲೋವರಿನ ಕೊಳವೆ ತೂರಿಸಿದರು. ಇವರು ಒಳಗೆ ಕೂತರು. ಎಂಜಿನ್ನಿನ ಮುಚ್ಚಳ ತೆಗೆದಿತ್ತು. ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವೆ ಒಂದು ಲೋಹದ ಗೋಡೆ, ಅದರಲ್ಲಿ ವೈರು, ಕಂಬಿ ಹಾದುಹೋಗುವ ತೂತುಗಳು. ನಾನು ಉಸಿರು ಹಿಡಿದು ಒಂದೊಂದರ ಮುಂದೆ ಎಳೆ ಹಿಡಿಯುತ್ತ ಬಂದೆ. ಮೊದಲನೆಯದು, ಎರಡನೆಯದು, ಐದನೆಯದು. ಎಳೆ ನೇರವಾಗಿ ಇಳಿಬಿದ್ದೇ ಇತ್ತು. ಏನೂ ಸಿಗದಿದ್ದರೆ ಮತ್ತೆ ಸ್ಕ್ಯಾನಿನ ಮಾತಿಗೇ ಬರಬೇಕು ಎಂಬುದೊಂದೇ ನನ್ನ ತಲೆಯಲ್ಲಿ.

ಕೆಳಗಡೆ, ಪೆಡಲಿನಿಂದ ಬರುವ ಕಂಬಿಯ ಹತ್ತಿರ, ಎಳೆ ನನ್ನ ಕಡೆಗೆ ಚಾಚಿಕೊಂಡಿತು.

"ಅದಿಗೋ. ಅಲ್ಲೇ ಹಿಡೀರಮ್ಮ" ಎಂದರು ಮೆಕ್ಯಾನಿಕ್. "ಸಾರ್, ಬಲಗಾಲಿನ ಹತ್ರ ಕಂಬಿ ಸುತ್ತ ಕೈ ಒತ್ತಿ."

ಇವರು ಒಳಗಿಂದ ಒತ್ತಿದರು, ಎಳೆ ಇಳಿಯಿತು. ಕೈ ತೆಗೆದರು, ಎದ್ದಿತು. ನಂಬಿಕೆ ಬಾರದೆ ನಾನು ಮೂರು ಸಲ ಮಾಡಿಸಿದೆ. ಕಂಬಿಯ ಸುತ್ತಲಿನ ರಬ್ಬರು ಒಣಗಿ ಸೀಳಿತ್ತು, ಕಿರುಬೆರಳು ಹೋಗುವಷ್ಟು.

ಇವರು ಇಳಿದು ಬಂದು ಆ ಸೀಳನ್ನು ಮುಟ್ಟಿ ನೋಡಿದರು. "ಹಂಗಾದ್ರೆ ನನ್ನ ತಲೆ ಸರಿ ಇದೆ ಅನ್ನಿ."

"ಅದು ನಂಗೊತ್ತಿಲ್ಲ ಸಾರ್. ನಾನು ವಿಮಾನದ್ದು ಮಾತ್ರ ಹೇಳೋದು."

ನಗು ಬಂದು ನಾನು ನೆಲದ ಮೇಲೆ ಕೂತೇಬಿಟ್ಟೆ.

ಹೊಸ ರಬ್ಬರು ಹ್ಯಾಂಗರಿನಲ್ಲೇ ಇತ್ತು. ಹಾಕಿ, ಮತ್ತೆ ಊದಿ ನೋಡಿದಾಗ ಎಳೆ ಕದಲಲಿಲ್ಲ. ನೆಲದ ಮೇಲೆ ಎಂಜಿನ್ ಓಡಿಸಿ, ವಿಷಗಾಳಿ ಅಳೆಯುವ ಮೀಟರ್ ಒಳಗಿಟ್ಟರು. ಸೊನ್ನೆ ತೋರಿಸಿತು. ಮಧ್ಯಾಹ್ನ ಇವರು ಮೆಕ್ಯಾನಿಕ್ಕನ್ನು ಕೂರಿಸಿಕೊಂಡು ಮುಕ್ಕಾಲು ಗಂಟೆ ಹಾರಿ ಇಳಿದರು. ಆಗಲೂ ಸೊನ್ನೆ. ಇಳಿದ ಕೂಡಲೇ ಆ ಹುಡುಗಿಗೆ ಫೋನ್ ಮಾಡಿ, ತಪ್ಪು ನಿನ್ನದಲ್ಲಮ್ಮ, ನನ್ನದು ಎಂದರು. ವೈದ್ಯಕೀಯ ಪರೀಕ್ಷೆಯಲ್ಲಿ ತಲೆನೋವಿನ ವಿಷಯ ಒಂದೂ ಮುಚ್ಚಿಡದೆ ಹೇಳುತ್ತೇನೆ, ಸ್ಕ್ಯಾನನ್ನೂ ಮಾಡಿಸುತ್ತೇನೆ ಎಂದು ದಾರಿಯಲ್ಲಿ ತಾವಾಗಿಯೇ ಹೇಳಿದರು.

ಸಂಜೆ ನಾನು ಏನೋ ನೆಪ ತೆಗೆದು ಅವರ ಮುಖ ನೋಡುತ್ತಲೇ ಇದ್ದೆ. ಆರು ಗಂಟೆ ಆಯಿತು, ಏಳಾಯಿತು. "ಹಂಗ್ಯಾಕೆ ನೋಡ್ತೀಯೆ, ನೋವಿಲ್ಲ ಕಣೇ" ಎಂದು ಅತ್ತೆಯ ಪಕ್ಕ ಕೂತು ಕಡಲೆಕಾಯಿ ಸುಲಿದರು.

ಪೆರೇಸಂದ್ರದಲ್ಲಿ ರಸ್ತೆ ಬದಿ ಕೊಂಡು ತಂದಿದ್ದ ಹಿತಕಿದ ಅವರೆಬೇಳೆಯ ಸಾರು, ಮುದ್ದೆ, ಕೊನೆಗೆ ಅನ್ನ ಮಜ್ಜಿಗೆ. ಇವರು ಎರಡನೇ ಮುದ್ದೆ ಕೇಳಿದರು. ನಮ್ಮ ಮನೆಯಲ್ಲಿ ಮೊದಲು ಮಲಗುವವರು ಅತ್ತೆ. ಇವತ್ತು ಅತ್ತೆ ಇನ್ನೂ ಟಿವಿ ಮುಂದೆ ಇದ್ದರು, ಒಂಬತ್ತಾಗುವ ಮೊದಲೇ ಇವರು ನಿದ್ದೆ ಹೋಗಿದ್ದರು.